ಒಡೆಯುವ ಮುಂಚೆ ಕೂಗಿದ್ದಕ್ಕೆ

ಮನೆ ಕೆಡವುವ ಮೇಸ್ತ್ರಿಗೆ ಅಜ್ಜಿಯ ಆಶೀರ್ವಾದ.

ಸುತ್ತಿಗೆ ಬಿಸಾಕಿ ಓಡಿದೆಯಲ್ಲಪ್ಪ, ಗೋಡೆ ಉರುಳಿಸುವ ಗಂಡಸು! ಒಡೆಯುವ ಮುಂಚೆ ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು "ಒಳಗೆ ಯಾರಿದ್ದೀರಿ?" ಅಂತ ಕೂಗುವುದು ನಿಮ್ಮ ಕಸುಬಿನ ಪದ್ಧತಿ. ಉತ್ತರ ಬಂದರೆ ಹೆದರುವುದು ಯಾವ ಪದ್ಧತಿ?

ಹಿಂದಿನ ಕೋಣೆಯಿಂದ "ಸ್ವಲ್ಪ ತಾಳಿ, ಬಂದೆ" ಅಂದವಳು ನನ್ನ ಮೊಮ್ಮಗಳು ಅಂದುಕೊಂಡೆ ನೀನು, ಇಣುಕಿ ನೋಡಿದರೆ ಕೋಣೆ ಖಾಲಿ. ಮೊಮ್ಮಗಳು ಆಗಲೇ ಸಾಮಾನಿನ ಜೊತೆ ಹೊಸ ಮನೆಗೆ ಹೋಗಿದ್ದಳು. ಅದು ನನ್ನ ಅಕ್ಕ. ಆ ಕೋಣೆಯಲ್ಲೇ ತೀರಿಕೊಂಡು ಎಷ್ಟೋ ವರ್ಷವಾಯಿತು. ಬದುಕಿದ್ದಾಗಲೂ ಅಷ್ಟೆ, ಎಲ್ಲರೂ ಹೊರಟು ನಿಂತರೂ ಇವಳು ಜಡೆ ಹೆಣೆಯುತ್ತಾ "ಸ್ವಲ್ಪ ತಾಳಿ, ಬಂದೆ" ಅನ್ನುತ್ತಿದ್ದಳು.

ನೀನು ಬಂದು ಇನ್ನೊಂದು ಸಲ ಕೂಗಬೇಕು. ಗದರಬೇಡ. "ಅಕ್ಕಾ, ಗಾಡಿ ಬಂತು" ಅನ್ನು. ಗಾಡಿ ಅಂದರೆ ಮಾತ್ರ ಏಳುತ್ತಾಳೆ. ಅವಳ ಚಪ್ಪಲಿ ಹೊಸ್ತಿಲಾಚೆ ಇಟ್ಟಿದ್ದೇನೆ. ಕೋಣೆ ಸುಮ್ಮನಾದ ಮೇಲೆ ಒಡೆ. ಅವಳು ಒಳಗಿರುವಾಗಲೇ ಗೋಡೆ ಬೀಳಿಸಿದರೆ ನಿನ್ನ ಗ್ರಹಚಾರ ಬಿಡಿಸುತ್ತೇನೆ.

ನೀನೇ ಕೂಗಬಾರದಾ ಅಜ್ಜಿ ಅನ್ನುತ್ತೀಯ. ಇವತ್ತು ಬೆಳಿಗ್ಗೆ ಕೂಗಿದೆ. "ಬಂದೆ ಕಣೇ, ನೀನೂ ಜೊತೆಗೆ ಬರ್ತೀಯ ತಾನೆ?" ಅಂದಳು.

ಸೊಸೆಗೆ ನಾನು ಹೇಳಬೇಕಾದ ಮಾತು ಇನ್ನೂ ಬೇಕಾದಷ್ಟು ಬಾಕಿ ಇದೆ, ನಾನೆಲ್ಲಿ ಹೋಗಲಿ? ಆದರೆ ಅಕ್ಕನಿಗೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ. ಅದಕ್ಕೆ ಬಾಯಿ ಮುಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದೇನೆ. ಇದನ್ನು ಬರೆಯುವಾಗಲೂ "ಬರ್ತೀಯ ತಾನೆ?" ಅಂತ ಕೇಳುತ್ತಲೇ ಇದ್ದಾಳೆ. ಈ ಕಾಗದ ತಂದ ಹಾಲಿನವನ ಸೈಕಲ್ಲನ್ನೇ ಹತ್ತಿಕೊಂಡು ಬಾ.

ಇಂತಿ,
ಇನ್ನೂ ಉತ್ತರ ಕೊಡದ ಅಜ್ಜಿ