ಬಾಲದ ಕೊನೆಯ ಅಂಕಿ

೨ ಏಪ್ರಿಲ್ ೧೯೯೦, ಸೋಮವಾರ. ಬೆಳಗ್ಗೆ

ಮತ್ತೆ ಅದೇ ಕನಸು. ಎಂಟನೇ ಕ್ಲಾಸಿನ ಗಣಿತ ಪರೀಕ್ಷೆ. ಪ್ರಶ್ನೆ ಒಂದೇ. ಇದೆಯೋ, ಇಲ್ಲವೋ? ಪುಟ ತುಂಬ ಇಲ್ಲ, ಇಲ್ಲ, ಇಲ್ಲ ಅಂತ ಬರೆಯುತ್ತಿದ್ದೇನೆ. ಟೀಚರ್ ಬಂದು ಹಾಳೆ ಎಳೆದುಕೊಂಡು, "ಸರಿಯಾಗಿ ಹುಡುಕಿದೆಯೇನೇ?" ಅಂದರು. ಉತ್ತರ ಹೇಳಲು ಬಾಯಿ ತೆರೆದರೆ ಬಾಯಿ ತುಂಬ ಧೂಳು.

ಎದ್ದವಳೇ ಕಂಪ್ಯೂಟರ್ ಹತ್ತಿರ ಹೋಗಿ ಕವರಿನ ಅಂಚು ಎತ್ತಿ ನೋಡಿದೆ. ಓಡುತ್ತಿದೆ. ಮತ್ತೆ ಮುಚ್ಚಿದೆ. ಗುಡ್ಡದ ಕ್ವಾರಿಯಲ್ಲಿ ಬಂಡೆ ಸಿಡಿಸಲು ಶುರುಮಾಡಿದ ಮೇಲೆ ಒರೆಸಿದಷ್ಟೂ ಧೂಳು. ಕಿಟಕಿ ಮುಚ್ಚಿದರೂ ಬರುತ್ತದೆ.

ಇವರು ಹಾಸಿಗೆಯಿಂದಲೇ, "ಅದೇನು ಎಳೆಮಗುವೇನೆ, ಹೊದಿಕೆ ಸರಿಸಿ ಸರಿಸಿ ನೋಡೋಕೆ?" ಅಂದರು. ಒಂದು ಧೂಳಿನ ಕಣ ಒಳಗೆ ಹೋದರೆ ಸಾಕು, ಮಷಿನ್ ಕೆಡುತ್ತದಂತೆ. ಯಾರು ಹೇಳಿದ್ದೋ ನೆನಪಿಲ್ಲ. ಹೇಳಿದ್ದಂತೂ ನೆನಪಿದೆ.

ಎಂ.ಟೆಕ್. ಹುಡುಗನ ಥೀಸಿಸ್ ಇವತ್ತು ಮೂರನೇ ಅಧ್ಯಾಯ ಟೈಪ್ ಆಗಬೇಕು.

೭ ಏಪ್ರಿಲ್, ಶನಿವಾರ

ಕೆಳಗಿನ ಮನೆಯ ಮರಾಠಿ ಬಾಯಿ ಕೇಳಿದರು, ಶನಿವಾರ ಶನಿವಾರ ಇನ್‌ಸ್ಟಿಟ್ಯೂಟಿಗೆ ಯಾಕೆ ಹೋಗ್ತೀರಿ ಅಂತ. ಹೇಳಲು ಬರಲಿಲ್ಲ. ಇಲ್ಲಿ ಬರೆದು ನೋಡುತ್ತೇನೆ.

ಪ್ರೊಫೆಸರ್ ಕೇಶವಮೂರ್ತಿಯವರ ಹತ್ತಿರ ಒಂದು ಸಂಖ್ಯೆ ಇದೆ. ಬರೆದರೆ ಪೋಸ್ಟ್‌ಕಾರ್ಡಿನ ಎರಡು ಸಾಲು. ಶೇಷ ಉಳಿಯದಂತೆ ಅದನ್ನು ಭಾಗಿಸುವ ಇನ್ನೊಂದು ಸಂಖ್ಯೆ ಇದೆಯೇ ಅಂತ ಹುಡುಕಬೇಕು. ಅಲ್ಲಿಯ ದೊಡ್ಡ ಮಷಿನ್ನಿಗೆ ಯಾವಾಗಲೂ ಕ್ಯೂ. ಅದಕ್ಕೇ ನಮ್ಮಂಥವರ ಮಷಿನ್ನುಗಳು ಖಾಲಿ ಇರುವ ಹೊತ್ತನ್ನು ಕೇಳಿದರು. ನಾನು ಟೈಪ್ ಮಾಡದ ಹೊತ್ತಿನಲ್ಲಿ, ಅಡಿಗೆ ಮಾಡುವಾಗ, ಮಲಗಿದಾಗ, ಅವರ ಫ್ಲಾಪಿ ಓಡುತ್ತಿರುತ್ತದೆ. ಒಂದೊಂದು ಫ್ಲಾಪಿಗೆ ಒಂದೊಂದು ಭಾಗ. ಮುಗಿದ ಮೇಲೆ ಪರದೆಯಲ್ಲಿ 'ಇಲ್ಲ' ಅಂತ ಬರುತ್ತದೆ. ಕೆಳಗೆ ಒಂದು ಉದ್ದದ ಅಂಕಿ — ಭಾಗಿಸಿ ಉಳಿದದ್ದನ್ನೆಲ್ಲ ಕೂಡಿದ್ದಂತೆ. ಪ್ರೊಫೆಸರು ಅದನ್ನು ಬಾಲ ಅನ್ನುತ್ತಾರೆ.

ಕಾರಿಡಾರಿನ ಕರಿಹಲಗೆಯಲ್ಲಿ ನಮ್ಮೆಲ್ಲರ ಹೆಸರು. ಒಂದು ಫ್ಲಾಪಿಗೆ ಒಂದು ಗೀಟು. ಮೊದಲು ನಾನು, ಆಮೇಲೆ ಮಜೀದ್ ಭಾಯಿ. ಬಾಗಲಕೋಟೆ ಕಡೆಯವರು. ಗ್ರಾಂಟ್ ರೋಡಿನಲ್ಲಿ ಮದುವೆ ಕಾರ್ಡಿನ ಅಂಗಡಿ. ಪ್ರೊಫೆಸರ ಮಗಳ ಕಾರ್ಡು ಮಾಡಿಕೊಡಲು ಬಂದು ಇದರಲ್ಲಿ ಸಿಕ್ಕಿಕೊಂಡವರು.

"ಏನ್ರಿ ಅಕ್ಕಾರ, ನಿಮ್ಮ ಗೀಟ ಬಾಳ ದಪ್ಪ ಕಾಣಾಕತ್ತಾವು. ಸರೂ ಪವಾಯಿ, ನೀವೂ ಪವಾಯಿ. ಪವಾಯಿ ಮಂದಿ ಪವಾಯಿ ಮಂದೀನ ನೋಡ್ಕೋತಾರ ಬಿಡ್ರಿ."

"ನಿಮ್ಮ ಮಷಿನ್ನು ಹಗಲೆಲ್ಲ ಮದುವೆ ಮಾಡಿಸ್ತಾ ಇರುತ್ತೆ. ಅದಕ್ಕೆಲ್ಲಿ ಪುರುಸೊತ್ತು?" ಅಂದೆ.

"ಮುಹೂರ್ತ ಮುಗೀಲಿ. ಆಮ್ಯಾಲ ನೋಡ್ರಿ ನಮ್ಮ ಗಾಡಿ ಓಡೂದು."

ಪ್ರೊಫೆಸರು ನಗುತ್ತಾ ಒಂದು ಮಾತು ಹೇಳಿದರು. "ಸಿಕ್ಕಿತು ಅಂತ ಯಾರಾದ್ರೂ ಅಂದ್ರೆ ಒಂದು ನಿಮಿಷದಲ್ಲಿ ಚೆಕ್ ಮಾಡಿಬಿಡ್ತೀನಿ. ಇಲ್ಲ ಅಂದ್ರೆ ನಿಮ್ಮನ್ನ ನಂಬಬೇಕು, ಅಷ್ಟೆ." ಉಳಿದವರೂ ನಕ್ಕರು. ನನಗೆ ನಗು ಬರಲಿಲ್ಲ.

೧೯ ಏಪ್ರಿಲ್. ರಾತ್ರಿ

ಮಜೀದ್ ಭಾಯಿ ಫೋನು. ಈ ವಾರ ಎರಡು ಮುಗಿಸಿದರಂತೆ. "ನಿಮ್ಮದೇನ್ ಮಕ್ಕೊಂಡೈತೇನ್ರಿ?" ಅಂತ ಬೇರೆ. ನನ್ನದೂ ಎರಡು ಅಂದೆ. ಎರಡನೆಯದು ಇನ್ನೂ ಓಡುತ್ತಿತ್ತು... ಸಂಜೆಯೊಳಗೆ ಮುಗಿಯುತ್ತದೆ ಅಂತ ಧೈರ್ಯ ಮಾಡಿ ಹೇಳಿದ್ದು. ಮುಗಿಯುವವರೆಗೆ ಹತ್ತು ಸಲ ಕವರು ಎತ್ತಿ ನೋಡಿದೆ. ಮುಗಿಯಿತು.

ಕಾರ್ಡು ಕತ್ತರಿಸುವ ಕಡೆ ಕಾಗದದ ಚೂರು ಹಾರಿ ಮಷಿನ್ ಮೇಲೆಲ್ಲ ಕೂರುತ್ತದಂತೆ. ನನ್ನ ಕವರಿನ ವಿಷಯ ಹೇಳಿದೆ. ಹಳೆಯ ರೇನ್‌ಕೋಟಿನ ಬಟ್ಟೆ, ಒಳಗೆ ಹತ್ತಿಯ ಅಸ್ತರಿ, ನಾನೇ ಹೊಲಿದದ್ದು. "ನಮಗೂ ಒಂದು ಹೊಲದ ಕೊಡ್ರಲ್ಲ" ಅಂದರು. ಇವರ ರೇನ್‌ಕೋಟು ಇನ್ನೊಂದು ಇದೆ. ಇವರನ್ನು ಕೇಳಬೇಕು. ಅಥವಾ ಕೇಳಬಾರದು.

೨೯ ಏಪ್ರಿಲ್, ಭಾನುವಾರ

ನಿನ್ನೆ ಮಜೀದ್ ಭಾಯಿ ಈದಿನ ಸುರಕುಂಬಾ ಪಾಯಸದ ಡಬ್ಬಿ ತಂದಿದ್ದರು. ನಾನು ಹೋದ ವಾರ ಹೊಲಿದುಕೊಟ್ಟ ಕವರು ಅವರ ಹೆಂಡತಿ ಹಲೀಮಾಗೆ ಬಹಳ ಹಿಡಿಸಿದೆಯಂತೆ. ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಾಳಂತೆ. ಇವರು ಸುರಕುಂಬಾ ಎರಡು ಸಲ ಹಾಕಿಸಿಕೊಂಡು, ರೇನ್‌ಕೋಟಿನ ಮಾತೇ ಎತ್ತಲಿಲ್ಲ.

ಇನ್ನೊಂದು ವಿಷಯ. ಬರೆಯಲೋ ಬೇಡವೋ. ದೃಷ್ಟಿಯಾದೀತು.

ಜೂನ್ ಕೊನೆಗೆ ಪ್ರೊಫೆಸರು ಇದರ ಬಗ್ಗೆ ಒಂದು ಪತ್ರಿಕೆಗೆ ಬರೆದು ಕಳಿಸುತ್ತಾರಂತೆ. ಗಣಿತದ ಪತ್ರಿಕೆ. ಅದರಲ್ಲಿ ನಮ್ಮೆಲ್ಲರ ಹೆಸರು. "ಪುಟ್ಟಲಕ್ಷ್ಮಮ್ಮ, ಸ್ಪೆಲಿಂಗ್ ಹೇಗೆ ಬೇಕು ಬರೆದುಕೊಡಿ" ಅಂದರು. ಅಮ್ಮ ಹಾಸಿಗೆ ಹಿಡಿದಾಗ ಎಂಟನೇ ಕ್ಲಾಸಿನ ಮಧ್ಯದಲ್ಲಿ ಸ್ಕೂಲು ಬಿಟ್ಟವಳ ಹೆಸರು. ಗಣಿತದ ಪತ್ರಿಕೆಯಲ್ಲಿ.

ಒಂದು t ಸಾಕೋ ಎರಡು ಬೇಕೋ. ಎರಡೇ ಇರಲಿ.

೧೨ ಮೇ, ಶನಿವಾರ. ಸಂಜೆ

ನಿಧಾನವಾಗಿ ಬರೆಯುತ್ತೇನೆ.

ಇವತ್ತು ಪ್ರೊಫೆಸರು ಹೇಳಿದರು. "ಶೆಕೆ ಜಾಸ್ತಿ ಆಯ್ತು. ಮಷಿನ್ ಬಿಸಿಯಾದ್ರೆ ನಿಂತುಹೋಗುತ್ತೆ ಅಂತ ಎಲ್ಲರೂ ಅಂದ್ಕೋತಾರೆ. ನಿಂತ್ರೆ ಒಳ್ಳೇದೇ. ಕೆಲವು ಸಲ ನಿಲ್ಲೋದೇ ಇಲ್ಲ. ತಪ್ಪು ಲೆಕ್ಕ ಮಾಡ್ಕೊಂಡು ಸುಮ್ಮನೆ ಓಡ್ತಾನೇ ಇರುತ್ತೆ. ಸುತ್ತ ಗಾಳಿ ಆಡೋ ಹಾಗೆ ಇಡಿ."

ಬಾಂದ್ರಾದ ಟ್ರಾವೆಲ್ಸ್ ಆಫೀಸಿನ ಶಾಮಲಾ, ನಮ್ಮಲ್ಲಿ ಎ.ಸಿ. ಇದೆ ಅಂದಳು. ಮಜೀದ್ ಭಾಯಿ ಬಂದಿರಲಿಲ್ಲ, ಮುಹೂರ್ತದ ದಿನಗಳು.

ಮನೆಗೆ ಬಂದು ಕವರಿನೊಳಗೆ ಕೈ ಹಾಕಿದೆ. ಆಗತಾನೇ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗಿತ್ತು. ಕವರು ತೆಗೆದು ಮಡಚಿ ಟ್ರಂಕಿನಲ್ಲಿಟ್ಟೆ. ಇವತ್ತಿನಿಂದ ತೆಗೆದರೆ ಏನು ಬಂತು? ಇಷ್ಟು ದಿನ ಹೊದಿಸಿಕೊಂಡೇ ಓಡಿದೆಯಲ್ಲ. ಅದು ಹೇಳಿದ ಇಲ್ಲಗಳಲ್ಲಿ ಯಾವುದು ನಿಜವಾದ ಇಲ್ಲ?

೧೬ ಮೇ

ಯಾರಿಗೂ ಗೊತ್ತಿಲ್ಲ. ಹೇಳದಿದ್ದರೆ ಗೊತ್ತಾಗುವುದೂ ಇಲ್ಲ. ಹೆಸರು ಅಚ್ಚಾಗುತ್ತದೆ. ಎರಡು t.

ಊಟ ಸೇರುತ್ತಿಲ್ಲ.

೨೧ ಮೇ, ಸೋಮವಾರ

ಶನಿವಾರ ಹೋಗಲಿಲ್ಲ. ತಲೆನೋವು ಅಂತ ಹೇಳಿಕಳಿಸಿದ್ದೆ. ಇವತ್ತು ಮಜೀದ್ ಭಾಯಿ ಫೋನು.

"ಅಕ್ಕಾರ, ನೀವು ಬರಲಿಲ್ಲ ಅಂತ ನಾ ಮುಂದ ಹೋದೆ. ಹಿಂಗ ಗೆದ್ದರ ಮಜಾ ಇಲ್ರಿ. ಏನಾಗೇತಿ?"

ಎಲ್ಲ ಹೇಳಿಬಿಟ್ಟೆ. ಧೂಳು, ಕವರು, ಇಸ್ತ್ರಿಯ ಬಿಸಿ. ನಿಮಗೂ ನಾನೇ ಹೊಲಿದು ಕೊಟ್ಟೆನಲ್ಲ ಅಂತಲೂ ಹೇಳಿದೆ.

ಕೇಳಿ ನಕ್ಕರು. "ನಂದರ ಚಿಂತಿ ಬ್ಯಾಡ್ರಿ. ನಾವು ಹೊದಸೂದು ಅಂಗಡಿ ಬಂದ್ ಆದ ಮ್ಯಾಲ. ಮಷಿನ್ನೂ ಬಂದ್ ಇರ್ತೈತಿ. ನಿಮ್ಮದು ಪಾಪ ಕಂಬಳಿ ಹೊದ್ದು ಲೆಕ್ಕ ಮಾಡೇತಿ, ಬ್ಯಾಸಗ್ಯಾಗ."

"ನಗಬೇಡಿ ಮಜೀದ್ ಭಾಯಿ."

"ನಗಲಿಲ್ರಿ. ಸರ್‌ಗೆ ಹೇಳ್ರಿ. ನೀವು ಹೇಳಲಿಲ್ಲ ಅಂದ್ರ ನಾ ಹೇಳಂಗಿಲ್ಲ. ಆದರ ನಿಮಗ ನಿದ್ದಿ ಹತ್ತಂಗಿಲ್ಲ. ನಿಮ್ಮ ಸ್ವಭಾವ ನನಗ ಗೊತ್ತೈತಿ."

೨೬ ಮೇ, ಶನಿವಾರ

ಹೇಳಿದೆ. ಪ್ರೊಫೆಸರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು.

ಕವರು ಹೊದಿಸಲು ಶುರುಮಾಡಿದಾಗಿನಿಂದ ನಾನು ಮಾಡಿದ ಫ್ಲಾಪಿಗಳೆಲ್ಲ ಇನ್ನೊಂದು ಮಷಿನ್ನಿನಲ್ಲಿ ಓಡಬೇಕು. ನನ್ನ ಬಾಲಕ್ಕೂ ಅದರ ಬಾಲಕ್ಕೂ ಹೊಂದಿದರೆ ಸರಿ. ಹೊಂದದಿದ್ದರೆ ಆ ಭಾಗ ಹುಡುಕಿಲ್ಲ ಅಂತಲೇ ಬರೆಯಬೇಕು. ಪತ್ರಿಕೆಯಲ್ಲಿ ನನ್ನ ಹೆಸರೂ ಬಿಡಬೇಕು. "ಬೇಜಾರು ಮಾಡ್ಕೋಬೇಡಿ" ಅಂದು, ಡಸ್ಟರ್ ತೆಗೆದುಕೊಂಡು ನನ್ನ ಗೀಟುಗಳನ್ನು ಒರೆಸಿದರು. ಹಲಗೆಯಲ್ಲಿ ಹೆಸರು ಉಳಿಯಿತು. ಎದುರಿಗೆ ಬರಿ ಕಪ್ಪು.

ಯಾರು ಓಡಿಸುತ್ತಾರೆ? ಶಾಮಲಾ ಗಡಿಯಾರ ನೋಡಿಕೊಂಡಳು. ಅವರವರಿಗೆ ಅವರವರ ಗೀಟು. ಬೇರೆಯವರದು ಓಡಿಸಿದರೆ ಗೀಟು ಬೀಳುವುದಿಲ್ಲ.

ಮಜೀದ್ ಭಾಯಿ ಕೈ ಚಾಚಿದರು. "ಕೊಡ್ರಿ ಇಲ್ಲೆ. ಅಕ್ಕಾರ ತಪ್ಪು ಅಂತ ಹಿಡಿಯೂ ಚಾನ್ಸ್ ಮತ್ತ ಸಿಗೂದಿಲ್ಲ."

೯ ಜೂನ್, ಶನಿವಾರ

ಮಜೀದ್ ಭಾಯಿ ಎರಡು ವಾರ ರಾತ್ರಿ ಹಗಲು ನನ್ನವನ್ನಲ್ಲದೆ ಬೇರೇನೂ ಓಡಿಸಲಿಲ್ಲ. ಈಗ ಹಲಗೆಯಲ್ಲಿ ಶಾಮಲಾ ಮೊದಲು.

ಒಂದನ್ನು ಬಿಟ್ಟು ಎಲ್ಲ ಹೊಂದಿವೆ.

ಒಂದನ್ನು ಬಿಟ್ಟು. ಅದು ಮೇ ಮೊದಲ ವಾರದ್ದು. ಅವರ ಬಾಲವೇ ಬೇರೆ, ನನ್ನದೇ ಬೇರೆ. "ಇಬ್ಬರಲ್ಲಿ ಒಬ್ಬರದು ತಪ್ಪು" ಅಂದರು ಪ್ರೊಫೆಸರು. ಯಾರದು ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರೂ ಬಹಳ ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ರಾತ್ರಿ ಇವರು, "ಹೋಗಲಿ ಬಿಡೆ, ಯಾರು ಓದ್ತಾರೆ ಆ ಪತ್ರಿಕೆನ?" ಅಂದರು. ಸಮಾಧಾನಕ್ಕೇ ಹೇಳಿದ್ದು. ನಾನು ಓದುತ್ತಿದ್ದೆ. ಅರ್ಥವಾಗದಿದ್ದರೂ ಓದುತ್ತಿದ್ದೆ.

೧೧ ಜೂನ್, ಸೋಮವಾರ

ಮನೆಯಲ್ಲಿ ಕೂರಲಾಗಲಿಲ್ಲ. ಅಂಧೇರಿಗೆ ಬಸ್ಸು, ಅಲ್ಲಿಂದ ಲೋಕಲ್, ಗ್ರಾಂಟ್ ರೋಡ್. ಇನ್ನೊಂದು ಸಲ ಓಡಿಸುತ್ತೀರಾ ಅಂತ ಎದುರಿಗೇ ಕೇಳೋಣ ಅಂತ. ಫೋನಿನಲ್ಲಿ ಕೇಳಲು ಸಂಕೋಚ. ದಾದರ್ ದಾಟುವಾಗ ಮಳೆ ಹಿಡಿಯಿತು.

ಅಂಗಡಿ ಸಣ್ಣದು. ಮುಂದೆ ಕೌಂಟರು, ಫೋನು, ಕಾರ್ಡಿನ ನಮೂನೆಗಳು. ಹಲಗೆಯ ಪಾರ್ಟಿಷನ್ನಿನ ಹಿಂದೆ ಮಷಿನ್ನು. ಮಜೀದ್ ಭಾಯಿ ನಮಾಜಿಗೆ ಹೋಗಿದ್ದರು. ಹಲೀಮಾ ಒಬ್ಬಳೇ ಇದ್ದಳು. ಮೊದಲ ಸಲ ನೋಡಿದ್ದು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

"ನೋಡ್ರಿ ಅಕ್ಕಾ, ನೀವು ಕೊಟ್ಟಿದ್ದು ಎಷ್ಟ್ ಚಂದ ಇಟ್ಟೀನಿ."

ಮಷಿನ್ನು ಗುಂಯ್ ಅನ್ನುತ್ತಿತ್ತು. ಕವರು ಹೊದ್ದುಕೊಂಡು.

"ಇವರು ನಮಾಜಿಗೆ, ಊಟಕ್ಕ ಹೋದಾಗ ನಾನ ದಿನಾ ಹೊದಸ್ತೀನಿ. ಆಗ ನಾ ಕಾರ್ಡ್ ಕತ್ತರಸ್ತೀನಲ್ಲ, ಚೂರು ಹಾರ್ತಾವು. ಅವರು ಬರೂದ್ರಾಗ ತಗದ್ ಇಟ್ಟಿರ್ತೀನಿ. ಅವರಿಗೇನೂ ಗೊತ್ತಾಗೂದಿಲ್ಲ, ಗಂಡಸ್ರು."

ಹಾಗಾದರೆ ತಪ್ಪಿರುವುದು ಅವರದೂ ಇರಬಹುದು. ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ ಹೊಳೆಯಿತು, ಈದಿನಿಂದ ಈಚೆಗೆ ಅವರ ಫ್ಲಾಪಿಗಳೂ ಕವರಿನೊಳಗೇ ಓಡಿವೆ. ಅವರ ಗೀಟುಗಳೂ ಹೋಗುತ್ತವೆ. ಹೊಲಿದು ಕೊಟ್ಟವಳು ನಾನು.

ಕವರು ತೆಗೆದೆ. ಹಲೀಮಾ ಮುಖ ಸಣ್ಣದು ಮಾಡಿಕೊಂಡಳು. ಯಾಕೆ ಅಂತ ಹೇಳಿದೆ. ಹೇಳುತ್ತಿರುವಾಗಲೇ ಮಜೀದ್ ಭಾಯಿ ಒದ್ದೆ ಕೊಡೆ ಮಡಚುತ್ತಾ ಬಂದರು. ಪೂರ್ತಿ ಕೇಳಿದರು. ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕವರನ್ನು ನೋಡಿದರು.

"ಇಬ್ಬರೂ ಕೂಡಿ ನನ್ನ ಮುಳುಗಿಸಿದ್ರಿ" ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಆತು. ನಿಮ್ಮದು ಆ ಒಂದು, ಕವರ್ ಇಲ್ದ, ಈಗ ಹಚ್ತೀನಿ. ನಿಮ್ಮ ಬಾಲಕ್ಕ ಕೂಡಿದ್ರ ತಪ್ಪು ನಂದು. ಆಗ ನನ್ನ ಫ್ಲಾಪಿ ಅಷ್ಟೂ ನೀವ ಓಡಸ್ಬೇಕು. ಕೂಡಲಿಲ್ಲ ಅಂದ್ರೂ ನೀವ ಓಡಸ್ಬೇಕು."

ಹಲೀಮಾ ಕವರನ್ನು ಮಡಚಿ ಎದೆಗವಚಿಕೊಂಡು, "ಇದನ್ನ ಹೊಲಿಗಿ ಮಷಿನ್ನಿಗರ ಹಾಕಲೇನ್ರಿ?" ಅಂತ ಕೇಳಿದಳು. ಅದಕ್ಕೆ ಹಾಕಬಹುದು ಅಂದೆ.

ಅವರ ಫ್ಲಾಪಿಗಳನ್ನು ಚೀಲದಲ್ಲಿ ತಂದಿದ್ದೇನೆ. ಒಂದು ಆಗಲೇ ಓಡುತ್ತಿದೆ. ಮಳೆ ಬಂದು ಕ್ವಾರಿಯ ಧೂಳು ಕೂತಿದೆ. ಆದರೂ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದೇನೆ. ಮಷಿನ್ನಿನ ಮೇಲೆ ಏನೂ ಇಲ್ಲ. ಬರಿಮೈಯಲ್ಲಿ ಕೂತ ಹಾಗೆ ಕಾಣುತ್ತದೆ.

೧೪ ಜೂನ್, ಗುರುವಾರ. ಸಂಜೆ

ಈಗ ಫೋನು ಬಂತು. ಮುಗಿಯಿತಂತೆ.

ನನ್ನ ಬಾಲ ಬರೆದ ಚೀಟಿ ಎದುರಿಗೆ ಇಟ್ಟುಕೊಂಡೆ. ಒಂದೊಂದೇ ಓದಿ ಅಂದೆ. ಓದಿದರು. ಒಂದೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ಚುಕ್ಕಿ ಇಡುತ್ತಾ ಹೋದೆ. ಹೊಂದಿತು. ಹೊಂದಿತು. ಮಧ್ಯದಲ್ಲಿ ಲೋಕಲ್ಲಿನ ಸದ್ದು, ನಿಲ್ಲಿಸಿದರು, ಮತ್ತೆ ಓದಿದರು. ಹೊಂದಿತು. ಕೊನೆಯದು ಏಳು ಅಂದರು. ಚೀಟಿಯಲ್ಲಿ ಏಳು.

"ಮುಗೀತ್ರಿ ಅಕ್ಕಾರ. ನಿಮ್ಮದ ಖರೆ. ಕಂಬಳಿ ಹೊದ್ದರೂ ಖರೆ."

ಏಳರ ಕೆಳಗೂ ಚುಕ್ಕಿ ಇಟ್ಟೆ. ಆಮೇಲೆ ಹೊಳೆಯಿತು, ಫೋನಿರುವುದು ಕೌಂಟರಿನಲ್ಲಿ, ಮಷಿನ್ನಿರುವುದು ಒಳಗೆ. ಹಾಗಾದರೆ ಓದಿದ್ದು ಪರದೆಯಿಂದಲ್ಲ, ಬರೆದುಕೊಂಡ ಕಾಗದದಿಂದ.

"ಮಜೀದ್ ಭಾಯಿ, ಕೊನೆಯ ಅಂಕಿ ಮಾತ್ರ... ಪರದೆಯಲ್ಲೇ ಇನ್ನೊಂದು ಸಲ ನೋಡಿ ಬರ್ತೀರಾ?"

"ಯಾ ಅಲ್ಲಾ" ಅಂದರು. ಆದರೂ ಹೋದರು.

ರಿಸೀವರ್ ಎಡಗೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹಲೀಮಾ ಯಾರಿಗೋ ಕಾರ್ಡು ತೋರಿಸುತ್ತಿರುವುದು ಕೇಳುತ್ತಿದೆ. ಇಲ್ಲಿ ಅವರ ಎರಡನೇ ಫ್ಲಾಪಿ ಓಡುತ್ತಿದೆ. ಚಪ್ಪಲಿಯ ಸದ್ದು. ಬಂದರು ಅಂತ ಕಾಣುತ್ತದೆ —