ಉಡಿಯಕ್ಕಿ ಮತ್ತು ಹೆಬ್ಬೆಟ್ಟು

ಭಾಗ್ಯನಗರ, ಕೊಪ್ಪಳ
೩ ಡಿಸೆಂಬರ್ ೨೦೨೩, ಭಾನುವಾರ

ಪ್ರೀತಿಯ ರಾಯರಿಗೆ,

ನಿಮ್ಮ ಶಾಂಭವಿಯ ನಮಸ್ಕಾರ. ಮೊಣಕಾಲಿನ ನೋವು ಹೇಗಿದೆ? ನಾನು ಕಳಿಸಿದ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲ ಜೊತೆಯ ಜವಾನರು ನಗುತ್ತಾರೆಂದು ಟ್ರಂಕಿನಲ್ಲೇ ಇಟ್ಟಿದ್ದೀರೋ? ನಗುವವರು ನಗಲಿ, ಕಟ್ಟಿಕೊಳ್ಳಿ. ಇಲ್ಲಿ ಅತ್ತೆಯ ಕೆಮ್ಮು ಕಡಿಮೆಯಾಗಿದೆ, ರೊಟ್ಟಿ ಬಡಿಯುವುದನ್ನು ಮತ್ತೆ ನನ್ನ ಕೈಯಿಂದ ಕಸಿದುಕೊಂಡಿದ್ದಾರೆ. ಅಂಜಲಿಯ ಎರಡನೆಯ ಹಲ್ಲೂ ಬಿತ್ತು. ಅದನ್ನು ಮಾಳಿಗೆಯ ಮೇಲೆ ಎಸೆಯಲು ಅಪ್ಪನೇ ಬರಬೇಕೆಂದು ಸಕ್ಕರೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾಳೆ, ಚಹಾ ಮಾಡುವಾಗ ದಿನಾ ನೋಡಿಕೊಂಡು ಸಕ್ಕರೆ ಹಾಕುತ್ತೇನೆ. ನಿಮ್ಮ ಗಡಿಯ ಠಾಣೆಗೆ ಫೋನು ಹತ್ತುವುದಿಲ್ಲವಾದ್ದರಿಂದ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು ಪೆನ್ನು ಹಿಡಿದಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಸಹಿಸಿಕೊಳ್ಳಿ.

ಪರೀಕ್ಷೆ ಯಾವಾಗ ಎಂದು ಹೋದ ಪತ್ರದಲ್ಲಿ ಕೇಳಿದ್ದಿರಿ. ಅದು ಬಂದು ಹೋಯಿತು. ಆಗಲಿಲ್ಲ. ಸೈಬರ್ ಸುರಕ್ಷತೆ ಮತ್ತು ತಂತ್ರಜ್ಞಾನ ನಿರ್ವಹಣೆಯಲ್ಲಿ ಆನ್‌ಲೈನ್ ಡಾಕ್ಟರೇಟ್ ಎಂದರೆ ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅತ್ತೆಯೇ ಅದನ್ನು ನನಗಿಂತ ಚೊಕ್ಕವಾಗಿ ಹೇಳುತ್ತಾರೆ: “ನಮ್ಮ ಸೊಸಿ ಫೋನಿನ್ಯಾಗಿನ ಕಳ್ಳರನ್ನ ಹಿಡಿಯೋ ಡಾಕ್ಟರಕಿ ಓದಾಕತ್ಯಾಳ, ಮನ್ಯಾಗ ಕುಂತ.” ಆ ಮನೆಯಲ್ಲಿ ಕೂತು ಓದುವುದೇ ಈಗ ಕುತ್ತಾಗಿದೆ. ಈ ಅರ್ಹತಾ ಪರೀಕ್ಷೆಗೆ ಎರಡೇ ಅವಕಾಶ. ಮೊದಲನೆಯದು ಮೇ ತಿಂಗಳ ಗಾಳಿಗೆ ಕರೆಂಟು ಹೋಗಿ ನಿಂತದ್ದು ನಿಮಗೆ ಗೊತ್ತು. ಎರಡನೆಯದರ ತಾರೀಖನ್ನು ಅವರು ಕೊಟ್ಟದ್ದು ಸರಿಯಾಗಿ ಹೋದ ಸೋಮವಾರದ ಗೌರಿ ಹುಣ್ಣಿಮೆಗೆ, ಮಧ್ಯಾಹ್ನ ನಾಲ್ಕರಿಂದ ಏಳರವರೆಗೆ. ಎಲ್ಲಿಯೋ ದೂರದ ದೇಶದ ವಿಶ್ವವಿದ್ಯಾಲಯಕ್ಕೆ ನಮ್ಮ ಗೌರಿ ಹೇಗೆ ಗೊತ್ತಿರಬೇಕು?

ಕೋಣೆಯಲ್ಲಿ ನಾನೊಬ್ಬಳೇ ಇರಬೇಕು, ಕ್ಯಾಮೆರಾಕ್ಕೆ ಇನ್ನೊಬ್ಬರು ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಅತ್ತೆಗೆ ಒಂದು ವಾರ ಮೊದಲಿಂದ ಹೇಳಿದ್ದೆ. ಸದ್ದು ಮಾಡಬಾರದು, ಯಾರೂ ಒಳಗೆ ಬರಬಾರದು. ಅವರು ನನಗಿಂತ ಶಿಸ್ತಾಗಿ ನಡೆದುಕೊಂಡರು. ಪಕ್ಕದ ಮನೆಯ ರಾಜಾಬೀಯನ್ನು ಕರೆದು ನನ್ನ ಬಾಗಿಲ ಮುಂದೆ ಕುರ್ಚಿ ಹಾಕಿ ಕೂಡಿಸಿದರು. ರಾಜಾಬೀ ಗೌರಿಗೆ ಬೆಳಗಲು ಸಕ್ಕರೆ ಗೊಂಬೆಗಳ ಆರತಿ ತಂದ ಹುಡುಗಿಯರನ್ನು ಹಿತ್ತಲ ದಾರಿಯಲ್ಲಿ ಕಳಿಸಿದರಂತೆ, ಹಾಲಿನ ಹಂಪಣ್ಣನ ಗಂಟೆಯನ್ನೂ ಕಸಿದಿಟ್ಟುಕೊಂಡರಂತೆ. ಚಿಲಕ ಮಾತ್ರ ನಾನು ಹಾಕಲಿಲ್ಲ. ಗೌರಿ ಕೂತ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಒಳಬಾಗಿಲು ಹಾಕುವುದೆಂದರೆ ಅತ್ತೆ ಮುಖ ಸಣ್ಣ ಮಾಡಿದರು. ಅದನ್ನು ನೋಡಿ ನಾನೇ ಬಿಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡೂವರೆ ತಾಸು ಚೆನ್ನಾಗಿ ಬರೆದೆ. ಈ ಸಲ ಆಗೇ ಆಗುತ್ತದೆ ಅನ್ನಿಸಿತ್ತು ರೀ, ಸುಳ್ಳು ಹೇಳುವುದಿಲ್ಲ. ಆರೂವರೆಗೆ ಬಾಗಿಲು ಸರಿಯಿತು. ನಿಮ್ಮವ್ವ ಬಳೆ ಸದ್ದಾಗದಂತೆ ಮೊಣಕೈವರೆಗೆ ಏರಿಸಿಕೊಂಡು, ಬೆಕ್ಕಿನ ಹಾಗೆ ಬಂದು, ನನ್ನ ಹಣೆಗೆ ಕುಂಕುಮ ಹಚ್ಚಿ, ಸೆರಗು ಹಿಡಿದು ಉಡಿ ತುಂಬಿದರು. ಅಕ್ಕಿ, ಕುಬಸ ಹೊಲಿಸುವ ಕಣ, ಉತ್ತತ್ತಿ, ತೆಂಗಿನಕಾಯಿ. ಬಂದ ಹಾಗೆಯೇ ಹೋದರು. ಅಷ್ಟರಲ್ಲಿ ಪರದೆ ಕೆಂಪಾಗಿತ್ತು. ಎರಡನೆಯ ವ್ಯಕ್ತಿ ಪತ್ತೆಯಾಗಿದ್ದಾರೆ, ಪರೀಕ್ಷೆ ರದ್ದಾಗಿದೆ ಎಂದಿತ್ತು. ನಾನು ಉಡಿ ಹಿಡಿದುಕೊಂಡೇ ಸಿಕ್ಕ ಗುಂಡಿಯನ್ನೆಲ್ಲ ಒತ್ತಿ ನೋಡಿದೆ, ಅಕ್ಕಿ ಚೆಲ್ಲಿತು. ಕೀಲಿಮಣೆಯ ಸಂದಿಯಲ್ಲಿ ಸೇರಿದ ಅಕ್ಕಿಕಾಳು ಈಗಲೂ ಒಂದೆರಡು ಹೊರಗೆ ಬಂದಿಲ್ಲ.

ರಾಜಾಬೀಯನ್ನು ಕೇಳಿದರೆ, “ಅಲ್ಲವಾ, ಹೊರಗಿನವ್ರನ್ನ ತಡದೀನಿ. ಮನಿ ಹಿರೇಮನಷ್ಯಾಳನ್ನ ಹ್ಯಾಂಗ ತಡೀಲಿ?” ಎಂದರು. ಅತ್ತೆಯ ಲೆಕ್ಕವೂ ಅದೇ ಇರಬೇಕು. ಯಾರೂ ಬರಬಾರದು ಎಂದರೆ ಮನೆಯವರು ಅದರಲ್ಲಿ ಹೇಗೆ ಸೇರುತ್ತಾರೆ? ಅವರಿಗೆ ನಡೆದದ್ದು ತಿಳಿದಿಲ್ಲ. ಏಳು ಗಂಟೆಗೆ ನಾನು ಹೊರಗೆ ಬಂದಾಗ ಅವರ ಮುಖ ನೋಡಿ, ಫಲಿತಾಂಶ ತಡವಾಗುತ್ತದೆ ಎಂದುಬಿಟ್ಟೆ. ಅಂದಿನಿಂದ ಬಾವಿಕಟ್ಟೆಯವರೆಗೆ ಸಾರಿಕೊಂಡು ಬಂದಿದ್ದಾರೆ: “ಬರಿಯೂ ಹೊತ್ತಿನ್ಯಾಗ ಉಡಿ ತುಂಬೀನಿ. ಪಾಸಾಗದ ಎಲ್ಲಿಗೆ ಹೋಗ್ತಾಳ?”

ಮೇಲ್ಮನವಿ ಬರೆದೆ. ಬರೆದ ಒಂದೇ ನಿಮಿಷಕ್ಕೆ ಉತ್ತರ ಬರುತ್ತದೆ, ಏಳು ಸಲವೂ ಅವೇ ನಾಲ್ಕು ಸಾಲು. ಆ ಕಡೆ ಮನುಷ್ಯರು ಇದ್ದಾರೋ ಇಲ್ಲವೋ ಗೊತ್ತಿಲ್ಲ, ಇದ್ದರೆ ಕಾಲು ಹಿಡಿಯಬಹುದಿತ್ತು. ಎಂಟನೆಯ ಸಲ ಒಂದು ನಮೂನೆ ಕಳಿಸಿದರು. ಒಳಗೆ ಬಂದವರೇ ಸಹಿ ಮಾಡಿಕೊಡಬೇಕಾದ ಹೇಳಿಕೆ. ಅಭ್ಯರ್ಥಿ ಬಾಗಿಲು ಭದ್ರಪಡಿಸಿದ್ದರು, ನಿಯಮ ಗೊತ್ತಿದ್ದೂ ನಾನು ಬೇಕೆಂದೇ ನುಗ್ಗಿ ಪರೀಕ್ಷೆ ಕೆಡಿಸಿದೆ, ತಪ್ಪು ಪೂರ್ತಿ ನನ್ನದು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಒಂದಕ್ಷರ ತಿದ್ದುವ ಹಾಗಿಲ್ಲ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಬುಧವಾರದೊಳಗೆ ಮುಟ್ಟಿಸಿದರೆ ಪರೀಕ್ಷೆ ಮತ್ತೆ ಕೊಡುತ್ತಾರೆ, ಇಲ್ಲದಿದ್ದರೆ ನನ್ನ ಹೆಸರು ಪಟ್ಟಿಯಿಂದ ಹೋಗುತ್ತದೆ. ನಾಲ್ಕು ವರ್ಷ ರೀ. ಅಂಜಲಿಯನ್ನು ತೊಡೆಯ ಮೇಲೆ ಹಾಕಿಕೊಂಡು ಓದಿದ್ದು, ಕುಷ್ಟಗಿ ಯಲಬುರ್ಗಾದ ಹಳ್ಳಿಗಳಲ್ಲಿ ಬಿಸಿಲಲ್ಲಿ ಪ್ರಶ್ನಾವಳಿ ಹಿಡಿದು ತಿರುಗಿದ್ದು, ಎಲ್ಲವೂ ಹೋಗುತ್ತದೆ.

ನನ್ನ ಪ್ರಬಂಧ ಏನೆಂದು ನಿಮಗೆ ನೆನಪಿದೆಯಲ್ಲ. ನಮ್ಮ ಜನ ಓದದೆ, ಕೇಳದೆ ಹೆಬ್ಬೆಟ್ಟು ಕೊಡುತ್ತಾರೆ, ಹಿಂದೆ ಕಾಗದಕ್ಕೆ, ಈಗ ಯಂತ್ರಕ್ಕೆ. ಯಾಕೆ ಕೊಡುತ್ತಾರೆ ಎಂಬುದು. ನಾನು ಮೊದಲು ಮಾತಾಡಿಸಿದ್ದೇ ನಿಮ್ಮವ್ವನನ್ನು. ಯಲಬುರ್ಗಾದ ಹೊಲದಲ್ಲಿ ಅವರ ಪಾಲು ಹೋದದ್ದು ಹಾಗೆಯೇ. ಮುದಿಯಪ್ಪ ಮಾವ ಕಾಗದ ತಂದು ಇಲ್ಲಿ ಒತ್ತು ಎಂದರಂತೆ, ಇವರು ಒತ್ತಿದರಂತೆ. ಏನು ಬರೆದಿದೆ ಎಂದು ಕೇಳಲಿಲ್ಲವೇ ಅಂದದ್ದಕ್ಕೆ, “ಅಣ್ಣ ಕೊಟ್ಟ ಅಂದಮ್ಯಾಲೆ ಏನ್ ಕೇಳೂದವಾ?” ಎಂದಿದ್ದರು. ಇನ್ನು ಮುಂದೆ ಯಾರೇ ಕೊಟ್ಟರೂ ಕೇಳಬೇಕು ಎಂದು ಆವತ್ತು ಅವರಿಂದ ಮಾತು ತೆಗೆದುಕೊಂಡೆ.

ಈಗ ನಾನು ಏನು ಮಾಡಲಿ? ಓದಿ ಹೇಳಿದರೆ ತಮ್ಮ ಉಡಿಯಕ್ಕಿಯಿಂದಲೇ ನನ್ನ ಓದು ಕೆಟ್ಟಿತೆಂದು ಗೊತ್ತಾಗುತ್ತದೆ. ಆ ಜೀವ ಮತ್ತೆ ನನ್ನ ಕೋಣೆಯ ಹೊಸ್ತಿಲು ದಾಟುವುದಿಲ್ಲ, ಇನ್ಯಾರ ಉಡಿಯನ್ನೂ ತುಂಬುವುದಿಲ್ಲ. ಓದದೆ ಒತ್ತಿಸಿಕೊಂಡರೆ ನಾನೂ ಮುದಿಯಪ್ಪ ಮಾವನೂ ಒಂದೇ ತಕ್ಕಡಿ. ಚಿಲಕ ಹಾಕದವಳು ನಾನು, ತಪ್ಪೊಪ್ಪಿಗೆ ಅವರದು. ನೀವು ಹತ್ತಿರ ಇದ್ದಿದ್ದರೆ ಬೈದಾದರೂ ಒಂದು ದಾರಿ ಹೇಳುತ್ತಿದ್ದಿರಿ. ಈ ಪತ್ರ ನಿಮಗೆ ಮುಟ್ಟಲು ಒಂಬತ್ತು ದಿನ ಬೇಕು, ಗೊತ್ತಿದ್ದೇ ಕೇಳುತ್ತಿದ್ದೇನೆ.

ಗವಿಮಠದ ಅಂಗಾರ ಚೀಟಿಯಲ್ಲಿ ಕಟ್ಟಿ ಇಟ್ಟಿದ್ದೇನೆ, ಹಣೆಗೆ ಹಚ್ಚಿಕೊಂಡು ಕರ್ತವ್ಯಕ್ಕೆ ಹೋಗಿ. ಅಂಜಲಿಯ ಮುತ್ತು, ಅತ್ತೆಯ ಆಶೀರ್ವಾದ, ರಾಜಾಬೀಯ ಸಲಾಮು ಎಲ್ಲ ಇದರ ಜೊತೆಗೇ ಬರುತ್ತಿವೆ.

ನಿಮ್ಮ,
ಶಾಂಭವಿ

ತಾ. ಕ.: ಸೋಮವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಅತ್ತೆಯ ಹೆಬ್ಬೆಟ್ಟು ತೆಗೆದುಕೊಂಡೆ. ಓದಿ ಹೇಳಬೇಕೆಂದೇ ಕಾಗದ ಹಿಡಿದು ಅಡುಗೆಮನೆಗೆ ಹೋಗಿದ್ದೆ. ಅವರು ಹಿಟ್ಟಿನ ಕೈ ಒರೆಸಿಕೊಂಡು ಬೆರಳು ಮುಂದೆ ಮಾಡಿದರು. ಏನಿದು ಅಂತ ಕೇಳುವುದಿಲ್ಲವೇ ಎಂದೆ. “ನೀ ಕೊಟ್ಟಿ ಅಂದಮ್ಯಾಲೆ ಏನ್ ಕೇಳೂದವಾ?” ಎಂದು ಒತ್ತಿ, ಮತ್ತೆ ರೊಟ್ಟಿಗೆ ಕೂತರು. ಕಾಗದವನ್ನು ಫೋನಿನಲ್ಲಿ ಚಿತ್ರ ತೆಗೆದು ಅವರಿಗೆ ಕಳಿಸಿಬಿಟ್ಟೆ. ಅದರದೊಂದು ಪ್ರತಿ ಇದರಲ್ಲಿ ಇಟ್ಟಿದ್ದೇನೆ. ರಜೆಗೆ ಬಂದಾಗ ನೀವೇ ಅವರಿಗೆ ಓದಿ ಹೇಳಿ, ನನ್ನಿಂದ ಆಗಲಿಲ್ಲ.