ಬರುವ ನರ, ಹೋಗುವ ನರ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ಭಾವನಿಗೂ ತಿಳಿಸು. ನಿನ್ನ ಎರಡು ಕಾಗದಗಳೂ ಬಂದು ಮೂರು ವಾರವಾಯಿತು. ಉತ್ತರ ಬರೆಯದಿದ್ದುದಕ್ಕೆ ಬೈದುಕೋ, ಚಿಕ್ಕಂದಿನಲ್ಲಿ ಕಿವಿ ಹಿಂಡಿ ಬೈಯುತ್ತಿದ್ದೆಯಲ್ಲ, ಹಾಗೆಯೇ ಬೈದುಕೋ. ಕೆಲಸದ ನೆಪ ಹೇಳುವುದಿಲ್ಲ. ದಿನಾ ಬರೆಯಲು ಕೂರುತ್ತಿದ್ದೆ. ‘ಇಲ್ಲಿ ಎಲ್ಲರೂ’ ಎಂಬಲ್ಲಿಗೆ ಬರುವಷ್ಟರಲ್ಲಿ ಮುಂದಿನ ಪದ ಸುಳ್ಳಾಗುತ್ತದೆ ಅನ್ನಿಸಿ ಹಾಳೆ ಹರಿದು ಹಾಕುತ್ತಿದ್ದೆ. ಇವತ್ತು ಆ ಸಾಲನ್ನೇ ಬಿಟ್ಟು ಶುರು ಮಾಡಿದ್ದೇನೆ.

ನಿನ್ನ ಮಗಳಿಗೆ ಸುಸೂತ್ರವಾಗಿ ಹೆರಿಗೆಯಾದ ಸುದ್ದಿ ಓದಿ ನಮ್ಮಿಬ್ಬರಿಗೂ ಸಂತೋಷವಾಯಿತು. ಇಬ್ಬರಿಗೂ ಅಂದದ್ದು ಬಾಯಿಮಾತಿಗಲ್ಲ. ಕಾಗದವನ್ನು ನನ್ನ ಹೆಂಡತಿಯ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಮಗುವಿಗೆ ಭಾವನ ಮೂಗೇ ಬಂದಿದೆ, ದೇವರೇ ಕಾಪಾಡಬೇಕು ಎಂದು ನೀನು ಬರೆದ ಕಡೆ ಇವಳು ನಕ್ಕಳು. ಮುಖ ಈಗ ನಗುವುದಿಲ್ಲ, ಕಣ್ಣು ಮಾತ್ರ ನಗುತ್ತದೆ. ಅದನ್ನು ಗುರುತಿಸಲು ಕಲಿತಿದ್ದೇನೆ.

‘ನರದ ತೊಂದರೆ ತಾನೇ, ಒಂದು ಒಳ್ಳೇ ಟಾನಿಕ್ ಕೊಟ್ರೆ ಆಗಲ್ವಾ?’ ಎಂದು ಭಾವ ಕೇಳಿದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ವೈದ್ಯಕೀಯ ಕಾಲೇಜಿಗೆ ಬರುವ ಹುಡುಗರಿಗೂ ಮೊದಲ ದಿನ ಇಷ್ಟೇ ಗೊತ್ತಿರುವುದು. ಆದರೆ ನೀನು ಕೇಳಿದ ಪ್ರಶ್ನೆ ಬೇರೆ. ‘ಹೊರಡುವಾಗ ಅವಳ ಕೈ ಹಿಡಿದು ಕೂತಿದ್ದೆ. ಮರದ ತುಂಡು ಹಿಡಿದ ಹಾಗಿತ್ತು ಕಣೋ. ನಾನು ಹಿಡಿದದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ, ಅದೊಂದು ನಿಜ ಬರೆ’ ಎಂದು ಬರೆದಿದ್ದೀಯ. ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು. ನನಗೆ ಗೊತ್ತಿರುವುದು ಇದೊಂದೇ ವಿದ್ಯೆ.

ನೀನು ಒಂದು ಸಲವೂ ನಮ್ಮ ಕಾಲೇಜಿನ ಸಂಗ್ರಹಾಲಯದೊಳಗೆ ಕಾಲಿಡಲಿಲ್ಲ, ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದು. ಅಲ್ಲಿ ನಾನು ಬರೀ ಅಟೆಂಡರು. ದೇಹದ ಭಾಗಗಳನ್ನಿಟ್ಟ ಜಾಡಿ ತೊಳೆಯುವುದು, ಅದರ ದ್ರವ ಬದಲಿಸುವುದು, ಚೀಟಿ ಅಂಟಿಸುವುದು. ಆದರೂ ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಪ್ರೊಫೆಸರನ್ನು ಬಿಟ್ಟು ನನ್ನ ಹಿಂದೆ ಬೀಳುತ್ತಾರೆ, ‘ಜಾಡಿ ಮೇಷ್ಟ್ರೇ, ಇನ್ನೊಂದ್ಸಲ ಹೇಳಿ’ ಎಂದು. ಇಪ್ಪತ್ತೆಂಟು ವರ್ಷದಿಂದ ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

ಮೂರನೆಯ ಕಪಾಟಿನಲ್ಲಿ ಮೆದುಳಿದೆ. ಒಂದೂವರೆ ಕಿಲೋ ತೂಗುವುದಿಲ್ಲ, ಮೇಲೆಲ್ಲ ಸುಕ್ಕು. ಯೋಚನೆ, ನೆನಪು, ‘ಕೈ ಎತ್ತು’ ಎಂಬ ಇಚ್ಛೆ ಎಲ್ಲವೂ ಆ ಸುಕ್ಕಿನಲ್ಲಿ. ಹಿಂಭಾಗದ ಕೆಳಗೆ ಚಿಕ್ಕ ಮೆದುಳು, ನಾವು ಮುಗ್ಗರಿಸದ ಹಾಗೆ ಸಮತೋಲ ನೋಡಿಕೊಳ್ಳುವುದು ಅದು. ಅದರ ಮುಂದೆ ಕಾಂಡದಂಥ ಒಂದು ಭಾಗ, ನಾವು ಮಲಗಿದ್ದಾಗಲೂ ಉಸಿರಾಡಿಸುವುದು ಅದು. ಅಲ್ಲಿಂದ ಬೆನ್ನುಮೂಳೆಯ ಒಳಗೆ ಇಳಿಯುವುದು ಬೆನ್ನುಹುರಿ. ಕಿರುಬೆರಳಿನಷ್ಟು ದಪ್ಪ, ಒಂದು ಮೊಳ ಉದ್ದ, ಅಷ್ಟೇ. ನೋಡಿದವರೆಲ್ಲ ‘ಇಷ್ಟೇನಾ?’ ಅನ್ನುತ್ತಾರೆ. ಅದರಿಂದ ಮೂವತ್ತೊಂದು ಜೊತೆ ನರಗಳು ಹೊರಟು ಮೈಯೆಲ್ಲ ಹರಡುತ್ತವೆ. ಒಂದೊಂದು ನರಕ್ಕೂ ಎರಡು ಬೇರು. ಹಿಂದಿನ ಬೇರು ಮೈಯಿಂದ ಸುದ್ದಿ ತರುತ್ತದೆ: ಬಿಸಿ, ತಂಪು, ನೋವು, ಯಾರೋ ಮುಟ್ಟಿದರು. ಮುಂದಿನ ಬೇರು ಅಪ್ಪಣೆ ಒಯ್ಯುತ್ತದೆ: ಬೆರಳು ಮಡಿಸು, ಹೆಜ್ಜೆ ಹಾಕು. ಪುಸ್ತಕದಲ್ಲಿ ಜ್ಞಾನವಾಹಿ, ಕ್ರಿಯಾವಾಹಿ ಎಂದಿದೆ. ಹುಡುಗರು ಗೊಂದಲ ಮಾಡಿಕೊಳ್ಳುತ್ತಾರೆಂದು ನಾನು ಬರುವ ನರ, ಹೋಗುವ ನರ ಅನ್ನುತ್ತೇನೆ.

ಇವಳಿಗೆ ಸಾಯುತ್ತಿರುವುದು ಹೋಗುವ ನರ ಮಾತ್ರ. ಬರುವ ನರಗಳೆಲ್ಲ ನೆಟ್ಟಗಿವೆ. ಆದ್ದರಿಂದ ಗೊತ್ತಾಯಿತು ಅಕ್ಕ, ನೀನು ಕೈ ಹಿಡಿದದ್ದು ಅವಳಿಗೆ ಗೊತ್ತಾಯಿತು. ನಿನ್ನ ಅಂಗೈ ಬೆವೆತದ್ದು, ನೀನು ಹೆಬ್ಬೆರಳಿನಿಂದ ಸವರಿದ್ದು, ಬಿಟ್ಟದ್ದು, ಅಷ್ಟೂ ಗೊತ್ತಾಯಿತು. ತಿರುಗಿ ಹಿಡಿಯಲು ಆಗಲಿಲ್ಲ.

ಹೇಗೆ ಶುರುವಾಯಿತು ಎಂದೂ ಕೇಳಿದ್ದೀಯ. ನಿನಗೆ ಆಗ ಪೂರ್ತಿ ಹೇಳಿರಲಿಲ್ಲ. ಇವಳು ಕನ್ನಡಕದಂಗಡಿಯಲ್ಲಿ ಫ್ರೇಮು ಕೂರಿಸುತ್ತಿದ್ದಳಲ್ಲ. ಸಾಸಿವೆಯಷ್ಟು ಚಿಕ್ಕ ಸ್ಕ್ರೂಗಳನ್ನು ಬೆರಳ ತುದಿಯಲ್ಲೇ ಎತ್ತಿ ಕೂರಿಸುತ್ತಿದ್ದವಳು, ಹೋದ ವರ್ಷದ ಹಿಂದಿನ ವರ್ಷ ಒಂದು ದಿನ ಮನೆಗೆ ಬಂದು, ‘ಇವತ್ತು ಆರು ಸ್ಕ್ರೂ ಬೀಳಿಸಿದೆ ಕಣ್ರೀ. ಅಂಗಡಿ ಯಜಮಾನ್ರು ನೆಲ ಗುಡಿಸೋಕೆ ಅಯಸ್ಕಾಂತ ತರಿಸ್ತೀನಿ ಅಂದ್ರು’ ಎಂದು ನಕ್ಕಳು. ಆಮೇಲೆ ತೋಳು ಚಾಚಿ, ‘ಇಲ್ನೋಡಿ ತಮಾಷೆ, ನನ್ನ ಕೈ ನನ್ನ ಕೇಳ್ದೇನೇ ಕುಣೀತಿದೆ’ ಎಂದಳು. ಚರ್ಮದ ಕೆಳಗೆ ಹುಳು ಹರಿದ ಹಾಗೆ ಮಾಂಸ ಅದುರುತ್ತಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರಬೇಕಾದ ಮಾಂಸದ ಉಬ್ಬು ಇರಲಿಲ್ಲ, ಕುಳಿ ಬಿದ್ದಿತ್ತು. ಅಂಥ ಕೈಯನ್ನು ನಾನು ಹಿಂದೆ ಒಮ್ಮೆ ಕಾಲೇಜಿನಲ್ಲಿ ನೋಡಿದ್ದೆ, ಇದೇ ಕಾಯಿಲೆಯಿಂದ ಸತ್ತವರೊಬ್ಬರ ಕೈ. ‘ಕೆಲಸ ಜಾಸ್ತಿಯಾಗಿರ್ಬೇಕು, ಎಣ್ಣೆ ತಿಕ್ಕಿಕೋ’ ಎಂದೆ.

ನಮ್ಮ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಒಬ್ಬರು ದೊಡ್ಡ ಡಾಕ್ಟರಿದ್ದಾರೆ. ಜೇಬಿನಲ್ಲಿ ಸದಾ ರಬ್ಬರು ಸುತ್ತಿಗೆ ಇರುವುದರಿಂದ ಎಲ್ಲರಿಗೂ ಅವರು ಸುತ್ತಿಗೆ ಡಾಕ್ಟರು. ಅವರು ಇವಳ ಮಂಡಿಯ ಕೆಳಗೆ ಮೆಲ್ಲಗೆ ತಟ್ಟಿದರು. ಕಾಲು ಚಿಮ್ಮಿ ಮೇಜಿಗೆ ಬಡಿಯಿತು. ಇವಳಿಗೆ ಖುಷಿಯೋ ಖುಷಿ. ‘ನೋಡಿ ಡಾಕ್ಟ್ರೇ, ಎಷ್ಟು ಚುರುಕಾಗಿದೆ! ಇವ್ರು ಸುಮ್‌ಸುಮ್ನೆ ಹೆದರಿಸಿದ್ರು’ ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಮಂಡಿಗೆ ತಟ್ಟಿದರೆ ಆ ಸುದ್ದಿಗೆ ಉತ್ತರ ಕೊಡುವುದು ಮೆದುಳಲ್ಲ, ಬೆನ್ನುಹುರಿಯೇ. ಬಿಸಿ ಪಾತ್ರೆ ಮುಟ್ಟಿದ ಕೈ, ಸುಟ್ಟಿತು ಅನ್ನುವ ಮೊದಲೇ ಹಿಂದಕ್ಕೆ ಬರುತ್ತದಲ್ಲ, ಹಾಗೆ. ಮೇಲಿನಿಂದ ಮೆದುಳು ಇದಕ್ಕೊಂದು ಲಗಾಮು ಹಾಕಿರುತ್ತದೆ. ಲಗಾಮು ಹಿಡಿದ ನರ ಸತ್ತರೆ ಕಾಲು ಹೀಗೆ ಹುಚ್ಚಾಪಟ್ಟೆ ಚಿಮ್ಮುತ್ತದೆ. ಇವಳು ಚುರುಕು ಎಂದು ಹಿಗ್ಗಿದ್ದೇ ಕೆಟ್ಟ ಲಕ್ಷಣ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು, ‘ನಿಮಗೆ ನಾನು ಹೇಳೋದೇನಿದೆ ಮೇಷ್ಟ್ರೇ. ಒಂದು ಮಾತ್ರೆ ಇದೆ, ಕೆಲವು ತಿಂಗಳು ಮುಂದಕ್ಕೆ ತಳ್ಳಬಹುದು. ಅಷ್ಟೇ’ ಎಂದರು. ‘ಅವಳಿಗೆ ನಾನೇ ಹೇಳ್ತೀನಿ’ ಎಂದೆ. ಹೇಳಲು ನನಗೆ ಹನ್ನೆರಡು ದಿನ ಬೇಕಾಯಿತು. ಕೇಳಿದವಳು, ‘ಗೊತ್ತಿತ್ತು ಬಿಡಿ, ಹನ್ನೆರಡು ದಿನದಿಂದ ನೀವು ನನ್ನ ಅಡುಗೇನ ಬೈದಿಲ್ಲ’ ಎಂದಳು.

ಕೈ ಆಯಿತು, ಕಾಲು ಆಯಿತು, ಆಮೇಲೆ ನಾಲಗೆ. ಮಾತು ತೊದಲತೊಡಗಿದರೂ ಒಂದಷ್ಟು ದಿನ ಅಂಗಡಿಗೆ ಹೋಗುತ್ತಿದ್ದಳು, ಕೂತು ಗಿರಾಕಿಗಳನ್ನು ಮಾತಾಡಿಸಲು. ಯಾರೋ ಒಬ್ಬಾಕೆ ಯಜಮಾನರ ಹತ್ತಿರ, ‘ಈಯಮ್ಮ ಕುಡಿದು ಬಂದಿದಾರಾ?’ ಎಂದು ಕೇಳಿದಳಂತೆ. ಅದೇ ಕೊನೆ, ಮತ್ತೆ ಹೋಗಲಿಲ್ಲ.

ಈಗ ಉಳಿದಿರುವುದು ಕಣ್ಣು. ಕಣ್ಣುಗುಡ್ಡೆ ಹೊರಳಿಸುವ ನರಗಳನ್ನು ಈ ಕಾಯಿಲೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ನೀನು ನೋಡಿದೆಯಲ್ಲ, ರಟ್ಟಿನ ಹಲಗೆ. ಅದರ ಮೇಲೆ ನಮ್ಮ ವರ್ಣಮಾಲೆ ಬರೆದಿದ್ದೇನೆ. ಒಂದೊಂದು ಸಾಲಿನ ಮೇಲೂ ಬೆರಳಿಡುತ್ತ ಹೋಗುವುದು, ಬೇಕಾದ ಸಾಲು ಬಂದಾಗ ಇವಳು ಕಣ್ಣು ಮೇಲೆತ್ತುತ್ತಾಳೆ. ಆಮೇಲೆ ಅಕ್ಷರ, ಆಮೇಲೆ ಕಾಗುಣಿತ. ಮೊದಲ ಸಲ ಹಲಗೆ ಹಿಡಿದಾಗ ಏನು ಹೇಳುತ್ತಾಳೋ ಎಂದು ಕಾದೆ. ಹತ್ತು ನಿಮಿಷ ಹಿಡಿಯಿತು. ‘ಬೆನ್ನು ತುರಿಸಿ.’ ಇಬ್ಬರೂ ನಕ್ಕೆವು. ಎಷ್ಟು ದಿನದಿಂದ ತುರಿಸುತ್ತಿತ್ತೋ, ಪಾಪ. ಆಮೇಲಿನಿಂದ ಕೆನ್ನೆಯ ಮೇಲೆ ನೊಣ ಕೂತರೂ ಓಡಿ ಬರುತ್ತೇನೆ. ನೊಣದ ಆರು ಕಾಲೂ ಅವಳಿಗೆ ತಿಳಿಯುತ್ತವೆ, ಹುಬ್ಬು ಅಲ್ಲಾಡಿಸಲು ಆಗುವುದಿಲ್ಲ.

ದಿನ ಹೇಗೆ ಹೋಗುತ್ತದೆ ಎಂದರೆ, ಹೋಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಚರ್ಮ ಒಡೆಯುತ್ತದೆ. ಗಂಟಲಲ್ಲಿ ಜೊಲ್ಲು ಕಟ್ಟಿದರೆ ಯಂತ್ರದಿಂದ ಎಳೆಯಬೇಕು. ಹಗಲು ಒಬ್ಬ ನರ್ಸಮ್ಮ ಬರುತ್ತಾಳೆ. ಏನನ್ನು ಎತ್ತಿಕೊಂಡರೂ ಇನ್ನೊಂದನ್ನು ಬೀಳಿಸುತ್ತಾಳೆ, ಅದಕ್ಕೆ ಇವಳು ಹಲಗೆಯ ಮೇಲೆ ಅವಳಿಗೆ ‘ಗಡಿಬಿಡಿ’ ಎಂದು ಹೆಸರಿಟ್ಟಳು. ಗಡಿಬಿಡಿ ನರ್ಸಮ್ಮ ಅದನ್ನು ಊರಿಗೆಲ್ಲ ಹೇಳಿಕೊಂಡು ಹೆಮ್ಮೆಪಡುತ್ತಾಳೆ. ಅವಳು ಬಂದ ಮೇಲೆ ನಾನು ಕಾಲೇಜಿಗೆ ಹೋಗುತ್ತೇನೆ. ಮೊನ್ನೆ ಒಬ್ಬ ಹುಡುಗಿ ಬೆನ್ನುಹುರಿಯ ಜಾಡಿ ಎತ್ತಿ ಹಿಡಿದು, ‘ಮೇಷ್ಟ್ರೇ, ಹೋಗುವ ನರ ಮಾತ್ರ ಸತ್ತರೆ ಆ ಮನುಷ್ಯನಿಗೆ ಹೇಗನ್ನಿಸುತ್ತೆ?’ ಎಂದು ಕೇಳಿದಳು. ಯಾರೂ ಇದುವರೆಗೆ ಹಾಗೆ ಕೇಳಿರಲಿಲ್ಲ. ‘ಪರೀಕ್ಷೆಗೆ ಬರಲ್ಲಮ್ಮ ಅದು’ ಎಂದುಬಿಟ್ಟೆ.

ಇನ್ನು ಮುಖ್ಯವಾದ ಸುದ್ದಿ. ಹೃದಯ, ಹೊಟ್ಟೆ, ಕರುಳನ್ನು ನಡೆಸುವ ನರಗಳ ಪಂಗಡವೇ ಬೇರೆ. ಅವು ನಮ್ಮ ಮಾತು ಕೇಳುವುದಿಲ್ಲ, ಈ ಕಾಯಿಲೆಯ ಮಾತನ್ನೂ ಅಷ್ಟಾಗಿ ಕೇಳುವುದಿಲ್ಲ. ಇವಳ ಎದೆ ಚೆನ್ನಾಗಿ ಬಡಿಯುತ್ತಿದೆ. ಉಸಿರು ಹಾಗಲ್ಲ. ಶ್ವಾಸಕೋಶದ ಕೆಳಗೆ ಚಾಪೆಯ ಹಾಗೆ ಒಂದು ಸ್ನಾಯು ಇದೆ, ಅದನ್ನು ಆಡಿಸುವ ನರ ಕತ್ತಿನಿಂದ ಇಳಿದು ಬರುತ್ತದೆ. ಅದೂ ಹೋಗುವ ನರವೇ. ಹತ್ತು ದಿನದ ಹಿಂದೆ ಸುತ್ತಿಗೆ ಡಾಕ್ಟರು ಮನೆಗೇ ಬಂದು ನೋಡಿ, ಇನ್ನು ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿ ಉಸಿರಾಡಿಸುವ ಯಂತ್ರಕ್ಕೆ ಸೇರಿಸಿದರೆ ವರ್ಷಗಟ್ಟಲೆ ಇರಬಹುದು, ಇಲ್ಲದಿದ್ದರೆ ವಾರಗಳ ಮಾತು ಎಂದರಂತೆ. ಇವಳನ್ನೇ ಕೇಳಿದರು, ಕೇಳಬೇಕಾದದ್ದೂ ಇವಳನ್ನೇ. ನಾನು ಕಾಲೇಜಿನಲ್ಲಿದ್ದೆ, ನರ್ಸಮ್ಮ ಹಲಗೆ ಹಿಡಿದಿದ್ದಳು. ಬೇಡ ಅಂದಳಂತೆ. ಸಂಜೆ ಬಂದು ನಾನೂ ಕೇಳಿದೆ, ‘ನಿಜವಾಗ್ಲೂ ಬೇಡ್ವಾ?’ ಹೌದು ಎಂದು ಕಣ್ಣು ಮೇಲೆತ್ತಿದಳು. ಮತ್ತೆ ಕೇಳಿದೆ, ಮತ್ತೆ ಎತ್ತಿದಳು. ಅವಳ ದೇಹ, ಅವಳ ಇಷ್ಟ. ಡಾಕ್ಟರು ಬರೆದುಕೊಂಡು ಹೋಗಿದ್ದಾರೆ. ನೀನು ಫೋನು ಮಾಡಿ ಒತ್ತಾಯ ಮಾಡಬೇಡ.

ಈಗ ಮಧ್ಯಾಹ್ನ ಮೂರು ಗಂಟೆ. ಕಿಟಕಿಯ ಪಕ್ಕ ಮಲಗಿದ್ದಾಳೆ. ಒಂದೊಂದು ಉಸಿರಿಗೂ ಭುಜ ಸ್ವಲ್ಪ ಮೇಲೇಳುತ್ತದೆ, ನಾನು ಎಣಿಸುವುದನ್ನು ಬಿಡಲಾರೆ.

ನೀನು ಈಗ ಹೊರಟು ಬರುವುದು ಬೇಡ. ಬಾಣಂತಿ ಮಗಳನ್ನು ಬಿಟ್ಟು ಬರಬೇಡ. ಆ ಮಗುವಿಗೆ ಗಟ್ಟಿಮುಟ್ಟಾದ ಕೈಕಾಲು ಇರಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆಯಲಿ, ನಿನ್ನ ತಲೆಗೂದಲು ಕಿತ್ತುಹಾಕಲಿ. ಇದು ನನ್ನ ಆಶೀರ್ವಾದ, ಇವಳದೂ ಸೇರಿಸಿ. ನಿನ್ನ ಕಾಲಿನ ನೋವಿಗೆ ಬಿಸಿನೀರು ಮರೆಯಬೇಡ.

ಇತಿ ನಿನ್ನ ಪ್ರೀತಿಯ
ತಮ್ಮ

ಮತ್ತೆ ಬರೆದದ್ದು, ಅದೇ ದಿನ ಸಂಜೆ:

ಲಕೋಟೆ ಅಂಟಿಸಿದ್ದೆ, ಬಿಡಿಸಿದೆ. ಕೊಳವೆ ಬೇಡ ಅಂದದ್ದು ಅವಳ ಇಷ್ಟ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ, ಗೊತ್ತಿದ್ದೇ ಹಾಗೆ ಬರೆದೆ. ನಿನ್ನೆ ನರ್ಸಮ್ಮ ಕೆಲಸ ಮುಗಿಸಿ ಹೊರಟವಳು ಬಾಗಿಲಲ್ಲಿ ನಿಂತು ಅಳತೊಡಗಿದಳು. ‘ನಿಮಗೆ ಹೇಳ್ಬೇಡ ಅಂದಿದ್ರು ಅಮ್ಮ. ಹತ್ತು ದಿನದಿಂದ ಹೊಟ್ಟೇಲಿಟ್ಕೊಂಡಿದೀನಿ, ನನ್ ಕೈಲಿ ಆಗ್ತಿಲ್ಲ ಸಾರ್’ ಎಂದು ಅಕ್ಷರ ಗುರುತು ಹಾಕಿಕೊಂಡ ಚೀಟಿ ಕೊಟ್ಟಳು. ‘ಯಾಕಮ್ಮ ಬೇಡ?’ ಎಂದು ಡಾಕ್ಟರು ಕೇಳಿದ್ದಕ್ಕೆ ಇವಳು ಕಾಲು ಗಂಟೆ ಹಿಡಿದು ಹೇಳಿದ್ದು ಎರಡೇ ಪದ. ‘ಅವರಿಗೆ ಸಾಕಾಗಿದೆ.’

ಅದು ನನ್ನ ಮಾತು, ಅಕ್ಕ. ನೀನು ಹೊರಟ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ನಿನ್ನ ಚೀಲಕ್ಕೆ ನೀರಿನ ಬಾಟಲಿ ಇಡುತ್ತ ನಾನೇ ಅಂದೆ, ‘ನಂಗೆ ಸಾಕಾಗಿದೆ ಅಕ್ಕ. ಇವಳು ಹೋದ್ರೆ ಒಂದಿನಾನಾದ್ರೂ ನಿದ್ದೆ ಮಾಡ್ತೀನಿ.’ ನೀನು, ‘ಮೆಲ್ಲಗೆ ಮಾತಾಡೋ, ಕೇಳಿಸೀತು’ ಎಂದೆ. ‘ಮಲಗಿದಾಳೆ ಬಿಡು’ ಎಂದೆ ನಾನು. ನಡುವೆ ಒಂದು ಪರದೆ ಮಾತ್ರ ಇತ್ತು. ಕಿವಿಯ ನರ ಬರುವ ನರ ಎಂದು ಇಪ್ಪತ್ತೆಂಟು ವರ್ಷ ಹೇಳಿಕೊಟ್ಟವನು ನಾನು.

ಇವತ್ತು ಬೆಳಗ್ಗೆ ಹಾಸಿಗೆಯ ಪಕ್ಕ ಮಂಡಿಯೂರಿ ಕೂತು ಹೇಳಿದೆ, ‘ನಂಗೆ ಸಾಕಾಗಿಲ್ಲ ಕಣೇ. ಸುಸ್ತಾಗಿತ್ತು, ಬಾಯಿಗೆ ಬಂದಿದ್ದು ಆಡ್ದೆ. ಕೊಳವೆ ಹಾಕಿಸ್ಕೋ. ಹ್ಞೂಂ ಅನ್ನು.’ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಮೇಲೆ ಹಲಗೆಯ ಕಡೆ ನೋಡಿದಳು. ಸಾಲಿನ ಮೇಲೆ ಸಾಲು ಬೆರಳಿಟ್ಟುಕೊಂಡು ಹೋದೆ. ‘ನಿದ್ದೆ ಮಾಡಿ’ ಎಂದಳು. ಕಣ್ಣು ಮುಚ್ಚಿದಳು. ಎಚ್ಚರವಿದ್ದೂ, ಎಷ್ಟು ಕರೆದರೂ ತೆರೆಯಲಿಲ್ಲ.